ಬೆನ್ನು ಬಾಗುವ ಬಗೆ, ಬೆನ್ನು ತಿರುಗುವ ಬಗೆ



ಎತ್ತು ಕುಂಟಿದರೆ ಅದೇ ದಿನ ಪಶು ದವಾಖಾನೆಗೆ ಹೊಡೆದುಕೊಂಡು ಹೋಗುತ್ತೇವೆ. ಚಕ್ಕಡಿಯ ಅಚ್ಚು ಕಿರುಗುಟ್ಟಿದರೆ ಎಣ್ಣೆ ಬಿಡುತ್ತೇವೆ, ಬಡಿಗೇರನನ್ನು ಕರೆಸುತ್ತೇವೆ. ಆದರೆ ಮನೆಯ ದುಡಿಯುವ ಆಳಿನ ಟೊಂಕ ಹಿಡಿದುಕೊಂಡರೆ ಮಾತ್ರ, ‘ಉಳುಕಿದೆ, ತಾನೇ ಬಿಡುತ್ತದೆ’ ಎಂದು ಸುಮ್ಮನಾಗುತ್ತೇವೆ. ಮುಂಗಾರು ಹದವಾಗಿ ಬಿದ್ದು ಬಿತ್ತನೆಗೆ ಹೊಲ ಕಾಯುತ್ತಿರುವ ವಾರದಲ್ಲಿ ಈ ಉಳುಕು ಬಂದರೆ ಅದರ ಬೆಲೆ ಎಷ್ಟೆಂಬುದು ನಿಮಗೆ ಗೊತ್ತು. ಹದ ಹೋದ ಮೇಲೆ ಕೂರಿಗೆ ಹೂಡಿ ಫಲವೇನು?

ಹಾನಗಲ್ಲ ಸೀಮೆಯ ಭತ್ತದ ಗದ್ದೆ, ಶಿಗ್ಗಾಂವಿಯ ಹತ್ತಿ ಶೇಂಗಾ, ಸವಣೂರಿನ ಎಲೆಬಳ್ಳಿಯ ತೋಟ, ಹಿರೇಕೆರೂರಿನ ಗೋವಿನಜೋಳ: ಬೆಳೆ ಬೇರೆಯಾದರೂ ಬಾಗುವ ಬೆನ್ನು ಒಂದೇ. ಆ ಬೆನ್ನು ಹೇಗೆ ಬಾಗುತ್ತದೆ, ಹೇಗೆ ತಿರುಗುತ್ತದೆ, ಎಲ್ಲಿ ಅದಕ್ಕೆ ಪೆಟ್ಟಾಗುತ್ತದೆ ಎಂಬುದನ್ನು ತಿಳಿದುಕೊಳ್ಳಲು ವೈದ್ಯರಾಗಬೇಕಿಲ್ಲ. ನೊಗದ ಮಿಣಿ ಎಲ್ಲಿ ಸವೆಯುತ್ತದೆ ಎಂದು ತಿಳಿದವನಿಗೆ ಇದೂ ತಿಳಿಯುತ್ತದೆ.

ಬೆನ್ನೆಲುಬು ಒಂದೇ ಎಲುಬಲ್ಲ

ಮೊದಲು ಬೆನ್ನಿನ ರಚನೆಯನ್ನು ನೋಡೋಣ. ಹೆಸರು ಬೆನ್ನೆಲುಬು ಎಂದಿದ್ದರೂ ಅದು ಒಂದರ ಮೇಲೊಂದು ಪೇರಿಸಿದ ಮಣಿಗಳ ಸಾಲು. ಕತ್ತಿನಲ್ಲಿ 7, ಎದೆಯ ಹಿಂದೆ 12, ಟೊಂಕದಲ್ಲಿ 5, ಹೀಗೆ ಅಲುಗಾಡುವ ಮಣಿಗಳು 24. ಅವುಗಳ ಕೆಳಗಿನವು ಬೆಳೆದ ಮನುಷ್ಯನಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಮಣಿ ಮಣಿಗಳ ನಡುವೆ ಮೆತ್ತನೆಯ ಗಾದಿ ಇದೆ. ಇದನ್ನೇ ಡಾಕ್ಟರರು ಡಿಸ್ಕ್ ಎನ್ನುತ್ತಾರೆ. ಗಾದಿಯ ನಡುವೆ ನೀರು ತುಂಬಿದ ತಿರುಳು, ಸುತ್ತಲೂ ನಾರಿನ ಪದರಗಳು. ಒಂದು ಪದರದ ನಾರು ಎಡಕ್ಕೆ ಓರೆಯಾಗಿದ್ದರೆ ಮುಂದಿನ ಪದರದ ನಾರು ಬಲಕ್ಕೆ ಓರೆ. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುವುದು.

ಪ್ರತಿ ಮಣಿಯ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ಕೀಲುಗಳಿವೆ. ಬಾಗಿಲ ತಿರುಗಣೆ ಹೇಗೆ ಕೂಡಿಸಿದೆಯೋ ಹಾಗೆ ಬಾಗಿಲು ತೆರೆಯುತ್ತದಷ್ಟೆ. ಅದರಂತೆ ಈ ಕೀಲಿನ ಮುಖ ಯಾವ ಕಡೆಗಿದೆಯೋ ಅದೇ ಮಣಿಯ ಚಲನೆಯನ್ನು ನಿರ್ಣಯಿಸುತ್ತದೆ. ಎದೆಯ ಭಾಗದ ಕೀಲುಗಳು ತಿರುಗಲು ಅನುಕೂಲವಾಗಿವೆ, ಆದರೆ ಪಕ್ಕೆಲುಬಿನ ಗೂಡು ಅಲ್ಲಿ ಹೆಚ್ಚು ಬಾಗಲು ಬಿಡುವುದಿಲ್ಲ. ಟೊಂಕದ ಕೀಲುಗಳದು ಇದಕ್ಕೆ ತೀರ ಭಿನ್ನ. ಮುಂದಕ್ಕೆ ಹಿಂದಕ್ಕೆ ಚೆನ್ನಾಗಿ ಬಾಗುತ್ತವೆ, ತಿರುಗುವುದು ಮಾತ್ರ ಅತ್ಯಲ್ಪ. ಗಡಿಯಾರದ ದೊಡ್ಡ ಮುಳ್ಳು ಒಂದು ನಿಮಿಷಕ್ಕೆ 6 ಡಿಗ್ರಿ ಸರಿಯುತ್ತದೆ. ಟೊಂಕದ ಒಂದು ಮಣಿ ತನ್ನ ಕೆಳಗಿನದರ ಮೇಲೆ ಅದರ ಅರ್ಧದಷ್ಟು ತಿರುಗುವುದೇ ಹೆಚ್ಚು. ‘ನಡು ತಿರುಗಿಸಿದೆ’ ಎಂದು ನಾವು ಹೇಳುವಾಗ ನಿಜವಾಗಿ ತಿರುಗುವುದು ಎದೆಯ ಭಾಗ ಮತ್ತು ತೊಡೆಯ ಸಂದು.

ಮೂರು ನಿಯಮಗಳು

ಈ ಮಣಿಗಳ ಚಲನೆಗೆ ಒಂದು ಕ್ರಮವಿದೆಯೇ ಎಂದು ಹುಡುಕಿದವರಲ್ಲಿ ಆಸ್ಟಿಯೋಪಥಿ ಎಂಬ ಪದ್ಧತಿಯ ವೈದ್ಯರು ಮುಖ್ಯರು. ಅಮೆರಿಕ ದೇಶದ ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯರು 1874ರಲ್ಲಿ ಈ ಪದ್ಧತಿಯನ್ನು ಸಾರಿ, 1892ರಲ್ಲಿ ಮಿಸೌರಿ ಪ್ರಾಂತದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಶಾಲೆ ತೆಗೆದರು. 1864ರಲ್ಲಿ ಅವರ ಮೂವರು ಮಕ್ಕಳು ಮಿದುಳು ಜ್ವರದಿಂದ ತೀರಿಕೊಂಡಿದ್ದರು. ಆ ಕಾಲದ ಔಷಧಗಳ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿ ಸರಿಪಡಿಸುವುದು ಅವರ ಮಾರ್ಗ. ಎಲ್ಲ ಕಾಯಿಲೆಗೂ ಬೆನ್ನೆಲುಬಿನಲ್ಲೇ ಮೂಲ ಹುಡುಕುವ ಅಂದಿನ ಉತ್ಸಾಹವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ಬೆನ್ನಿನ ಚಲನೆಯ ಬಗ್ಗೆ ಅವರ ಶಿಷ್ಯಪರಂಪರೆಯವರು ಮಾಡಿದ ವಿಚಾರ ನಮಗೆ ಉಪಯೋಗದ್ದು.

ಬಾಸ್ಟನ್ನಿನ ಶಸ್ತ್ರವೈದ್ಯ ರಾಬರ್ಟ್ ಲೊವೆಟ್ ಎಂಬುವರು 20ನೆಯ ಶತಮಾನದ ಆರಂಭದಲ್ಲಿ ಬೆನ್ನೆಲುಬನ್ನು ಬಾಗಿಸಿ ತಿರುಗಿಸಿ ಪರೀಕ್ಷಿಸಿದ್ದರು. ಅದನ್ನು ಆಧಾರವಾಗಿಟ್ಟುಕೊಂಡು ಹ್ಯಾರಿಸನ್ ಫ್ರಯೆಟ್ ಎಂಬ ಆಸ್ಟಿಯೋಪಥಿ ವೈದ್ಯರು 1918ರಲ್ಲಿ ಎರಡು ನಿಯಮಗಳನ್ನು ಹೇಳಿದರು. ಮೂರನೆಯದನ್ನು 1948ರಲ್ಲಿ ನೆಲ್ಸನ್ ಎಂಬುವರು ಕೂಡಿಸಿದರು. ಮೂರೂ ಎದೆ ಮತ್ತು ಟೊಂಕದ ಭಾಗಕ್ಕೆ ಅನ್ವಯಿಸುವಂಥವು. ಕತ್ತಿನ ಲೆಕ್ಕ ಬೇರೆ.

ಮೊದಲನೆಯದು: ಮನುಷ್ಯ ನೆಟ್ಟಗೆ ನಿಂತಿದ್ದಾನೆ, ಮುಂದಕ್ಕೂ ಬಾಗಿಲ್ಲ, ಹಿಂದಕ್ಕೂ ಬಾಗಿಲ್ಲ ಎನ್ನಿ. ಆಗ ಅವನು ಬಲಪಕ್ಕಕ್ಕೆ ವಾಲಿದರೆ ಮಣಿಗಳ ಮುಖ ಎಡಕ್ಕೆ ತಿರುಗುತ್ತದೆ. ವಾಲಿದ್ದು ಒಂದು ಕಡೆ, ತಿರುಗಿದ್ದು ಇನ್ನೊಂದು ಕಡೆ. ಒಂದು ಮಣಿ ಮಾತ್ರವಲ್ಲ, ಒಂದು ಗುಂಪೇ ಹೀಗೆ ಸಾಗುತ್ತದೆ. ನಮ್ಮ ಹೆಣ್ಣುಮಕ್ಕಳು ತುಂಬಿದ ಕೊಡವನ್ನು ವರ್ಷಗಟ್ಟಲೆ ಒಂದೇ ಬಗಲಲ್ಲಿ ಹೊರುತ್ತಾರಲ್ಲ, ಆಗ ಬೆನ್ನು ಹಿಡಿಯುವ ಉದ್ದನೆಯ ಓರೆ ಈ ಬಗೆಯದು. ಒಂದು ಕಾಲು ತುಸು ಗಿಡ್ಡವಿದ್ದವರಲ್ಲಿಯೂ ಇಂಥ ಓರೆಯನ್ನೇ ಕಾಣಬಹುದು.

ಎರಡನೆಯದು: ಬೆನ್ನು ಮೊದಲೇ ಸಾಕಷ್ಟು ಮುಂದಕ್ಕೆ ಅಥವಾ ಹಿಂದಕ್ಕೆ ಬಾಗಿದೆ ಎನ್ನಿ. ಆ ಮೇಲೆ ಬಲಕ್ಕೆ ವಾಲಿದರೆ ಮಣಿಯೂ ಬಲಕ್ಕೇ ತಿರುಗುತ್ತದೆ. ಇಲ್ಲಿ ಗುಂಪು ಹಂಚಿಕೊಳ್ಳುವುದಿಲ್ಲ, ಒಂದೇ ಮಣಿ ತನ್ನ ಕೀಲಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಅವರ ಅಭಿಪ್ರಾಯ. ಬಾಗಿ ಏನನ್ನೋ ಎತ್ತಲು ಹೋಗಿ ‘ಕಟಕ್’ ಎಂದು ಹಿಡಿದುಕೊಂಡಿತು, ಮೇಲೇಳಲು ಬರಲಿಲ್ಲ ಎಂದು ಹೇಳುವವರ ನೋವನ್ನು ಅವರು ಹೀಗೆ ವಿವರಿಸುತ್ತಾರೆ.

ಮೂರನೆಯದು ನಮ್ಮ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದುದು: ಬೆನ್ನು ಒಂದು ದಿಕ್ಕಿಗೆ ಸರಿದರೆ ಉಳಿದ ದಿಕ್ಕುಗಳಲ್ಲಿ ಅದರ ಸರಿದಾಟ ಕಡಿಮೆಯಾಗುತ್ತದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿರಿ, ಈಗಲೇ ಮಾಡಿ ನೋಡಿರಿ. ಕಟ್ಟೆಯ ಮೇಲೆ ನೆಟ್ಟಗೆ ಕುಳಿತುಕೊಳ್ಳಿರಿ. ಎರಡೂ ಕೈಗಳನ್ನು ಎದೆಯ ಮೇಲೆ ಮಡಿಸಿ, ಕುಂಡಿ ಅಲುಗಿಸದೆ ಬಲಕ್ಕೆ ತಿರುಗಿರಿ. ಹಿಂದೆ ಎಲ್ಲಿಯವರೆಗೆ ಕಾಣುತ್ತದೆ, ಯಾವ ಕಂಬ, ಯಾವ ಗಿಡ ಎಂದು ಗುರುತಿಟ್ಟುಕೊಳ್ಳಿರಿ. ಈಗ ಬೆನ್ನನ್ನು ಗೂನು ಮಾಡಿ ಮುಂದಕ್ಕೆ ಕುಸಿದು ಕುಳಿತು ಮತ್ತೆ ತಿರುಗಿರಿ. ಮೊದಲು ಕಂಡ ಗಿಡ ಈಗ ಕಾಣುವುದಿಲ್ಲ. ಬಾಗುವುದರಲ್ಲೇ ಕೀಲು ತನ್ನ ಬಂಡವಾಳವನ್ನು ಖರ್ಚು ಮಾಡಿದೆ, ತಿರುಗಲು ಉಳಿದದ್ದು ಚಿಲ್ಲರೆ ಮಾತ್ರ.

ಈ ನಿಯಮಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ಯಂತ್ರಗಳಿಂದ ಜೀವಂತ ಮನುಷ್ಯರ ಬೆನ್ನಿನ ಚಲನೆಯನ್ನು ಅಳೆದು ನೋಡಿದ ಮೇಲೆ, ವಾಲುವ ದಿಕ್ಕಿಗೂ ತಿರುಗುವ ದಿಕ್ಕಿಗೂ ಇರುವ ಸಂಬಂಧ ಎಲ್ಲರಲ್ಲೂ ಒಂದೇ ತೆರನಾಗಿಲ್ಲವೆಂದು ಕಂಡುಬಂದಿದೆ. ಟೊಂಕದ ಭಾಗದಲ್ಲಿಯಂತೂ ಒಬ್ಬರಿಗಿಂತ ಒಬ್ಬರಿಗೆ ವ್ಯತ್ಯಾಸ ಬಹಳ. ಆದ್ದರಿಂದ ಮೊದಲೆರಡನ್ನು ಪಂಚಾಂಗದ ಮಳೆಯ ಲೆಕ್ಕದಂತೆ ಎಣಿಸಿರಿ. ಮೂರನೆಯದು ಹಾಗಲ್ಲ. ಅದು ಅಂದೂ ನಿಂತಿತ್ತು, ಇಂದೂ ನಿಂತಿದೆ.

ಚೀಲ ಎತ್ತುವಾಗ ಏನಾಗುತ್ತದೆ

ಟ್ರ್ಯಾಕ್ಟರಿನ ಟ್ರೇಲರಿಗೆ ಗೋವಿನಜೋಳದ ಚೀಲ ಹಾಕುವುದನ್ನು ನೋಡಿರಿ. ಆಳು ನೆಲದ ಚೀಲಕ್ಕೆ ಬಾಗುತ್ತಾನೆ, ಹಿಡಿಯುತ್ತಾನೆ, ಏಳುತ್ತ ಏಳುತ್ತಲೇ ಪಕ್ಕಕ್ಕೆ ತಿರುಗಿ ಮೇಲಕ್ಕೆ ಒಗೆಯುತ್ತಾನೆ. ಬಾಗಿದ್ದು, ವಾಲಿದ್ದು, ತಿರುಗಿದ್ದು, ಭಾರ ಹೊತ್ತಿದ್ದು ನಾಲ್ಕೂ ಒಂದೇ ಗಳಿಗೆಯಲ್ಲಿ. ಬಾಗಿದ ಕೀಲಿನಲ್ಲಿ ತಿರುಗಲು ಎಡೆಯಿಲ್ಲ. ಆದರೂ ಬಲವಂತ ತಿರುಗಿಸಿದಾಗ ಆ ಎಳೆತವನ್ನೆಲ್ಲ ಗಾದಿಯ ನಾರು ತಾಳಬೇಕು. ಪದರಗಳ ನಾರು ಎಡಕ್ಕೆ ಬಲಕ್ಕೆ ಓರೆಯಾಗಿದೆ ಎಂದೆನಲ್ಲವೆ? ಒಂದು ಕಡೆಗೆ ತಿರುಗಿದಾಗ ಅರ್ಧದಷ್ಟು ಪದರಗಳು ಬಿಗಿಯುತ್ತವೆ, ಇನ್ನರ್ಧ ಸಡಿಲಾಗುತ್ತವೆ. ಹೀಗಾಗಿ ಅರ್ಧ ಹಗ್ಗದ ಮೇಲೆ ಪೂರ್ತಿ ಭಾರ ಬೀಳುತ್ತದೆ. ಬಾಗಿದ್ದರಿಂದ ಗಾದಿಯ ಹಿಂಭಾಗ ಮೊದಲೇ ಜಗ್ಗಿರುತ್ತದೆ. ಹರಿಯುವುದು ಸಾಮಾನ್ಯವಾಗಿ ಅಲ್ಲಿಯೇ, ಹಿಂದಿನ ಪಕ್ಕದ ಮೂಲೆಯಲ್ಲಿ, ಅದೂ ಟೊಂಕದ ಕೊನೆಯ ಎರಡು ಗಾದಿಗಳಲ್ಲಿ. ದುರ್ದೈವಕ್ಕೆ ಕಾಲಿಗಿಳಿಯುವ ನರದ ಬೇರು ಹಾಯುವುದೂ ಅದೇ ಮೂಲೆಯ ಬದಿಯಿಂದ. ಟೊಂಕದ ನೋವು ಕುಂಡಿಗಿಳಿದು, ತೊಡೆ ಮೀನಖಂಡ ದಾಟಿ ಹೆಬ್ಬೆರಳಿನವರೆಗೆ ಜಗ್ಗುವುದು ಇದರಿಂದಲೇ.

‘ಡಿಸ್ಕ್ ಜಾರಿದೆ’, ‘ಗ್ಯಾಪ್ ಬಂದಿದೆ’ ಎಂಬ ಮಾತು ಈಗ ಊರೂರಲ್ಲಿ ಕೇಳುತ್ತೇವೆ. ಗಾದಿ ಎಲ್ಲಿಯೂ ಜಾರುವುದಿಲ್ಲ, ಅದು ಮೇಲಿನ ಕೆಳಗಿನ ಮಣಿಗಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ನಾರು ಸಡಿಲಾದಲ್ಲಿ ಉಬ್ಬುತ್ತದೆ ಅಥವಾ ಹರಿದಲ್ಲಿ ತಿರುಳು ಹೊರಕ್ಕೆ ಬರುತ್ತದೆ ಅಷ್ಟೆ. ಎಳ್ಳಷ್ಟೂ ನೋವಿಲ್ಲದ ಜನರ ಬೆನ್ನನ್ನು ಸ್ಕ್ಯಾನ್ ಮಾಡಿದರೂ ಎಷ್ಟೋ ಜನರಲ್ಲಿ ಇಂಥ ಉಬ್ಬು ಕಾಣುತ್ತದೆ. ಫಿಲ್ಮ್ ನೋಡಿ ಹೆದರಿ ಹೊಲ ಮಾರಿ ಆಪರೇಶನ್ನಿಗೆ ಓಡಬೇಕಿಲ್ಲ.

ಇನ್ನು ಭಾರದ ಲೆಕ್ಕ. ನಮ್ಮ ಹಿರಿಯರು ಬಾವಿಯ ಏತದಿಂದ ನೀರೆತ್ತುತ್ತಿದ್ದುದನ್ನು ಬಲ್ಲವರಿಗೆ ಇದು ಸುಲಭ. ಏತದ ಗಿಡ್ಡ ತುದಿಯ ಕಡೆಯಿಂದ ಉದ್ದ ತುದಿಯ ಭಾರವನ್ನು ಎತ್ತಬೇಕಾದರೆ ಎಷ್ಟು ಶಕ್ತಿ ಬೇಕು! ಬೆನ್ನಿನ ಸ್ನಾಯುಗಳ ಪಾಡು ಅದೇ. ಅವು ಎಳೆಯುವುದು ಮಣಿಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದಿನಿಂದ. ನೀವು 20 ಕೆ.ಜಿ. ವಸ್ತುವನ್ನು ಒಂದು ಮೊಳ, ಅಂದರೆ 45 ಸೆಂಟಿಮೀಟರ್ ಮುಂದೆ ಹಿಡಿದರೆ ಸ್ನಾಯು ಅದರ ಒಂಬತ್ತು ಪಟ್ಟು, 180 ಕೆ.ಜಿ.ಯಷ್ಟು ಎಳೆಯಬೇಕು. ಅದೇ ವಸ್ತುವನ್ನು ಹೊಟ್ಟೆಗೆ ತಾಗಿಸಿ ಒಂದು ಗೇಣಿನೊಳಗೆ ಹಿಡಿದರೆ 90 ಕೆ.ಜಿ. ಸಾಕು. ಇದರ ಮೇಲೆ ಬಾಗಿದ ಮೈಯ ಸ್ವಂತ ಭಾರ ಬೇರೆ. ವಸ್ತು ಅದೇ, ಆಳು ಅವನೇ, ಒಂದು ಗೇಣಿನ ಅಂತರದಲ್ಲಿ ಅರ್ಧ ಭಾರ ಇಳಿಯಿತು.

ಎತ್ತಬಹುದಾದ ತೂಕ ಎಷ್ಟು? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ, ಬೆಳೆದ ಗಂಡಾಳು ಒಬ್ಬನೇ ಹೊರುವ ಭಾರ 55 ಕೆ.ಜಿ. ಮೀರಬಾರದೆಂದು ಶಿಫಾರಸು ಮಾಡಿತು. ನಮ್ಮ ಪೇಟೆಗಳಲ್ಲಿ ಹಮಾಲರು ಕ್ವಿಂಟಲ್ ಚೀಲವನ್ನೇ ಬೆನ್ನಿಗೆ ಹಾಕಿಕೊಂಡು ನಡೆದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು 1991ರಲ್ಲಿ ಸಿದ್ಧಪಡಿಸಿದ ಸೂತ್ರ ಇನ್ನೂ ಬಿಗಿಯಾದುದು. ಅದರಂತೆ ಎಲ್ಲ ಅನುಕೂಲವಿದ್ದಾಗಲೂ 23 ಕೆ.ಜಿ. ಮಿತಿ. ಅದೇ ವಸ್ತುವನ್ನು ಪೂರ್ತಿ ಪಕ್ಕಕ್ಕೆ ತಿರುಗಿ ಎತ್ತುವುದಾದರೆ ಸುಮಾರು 16 ಕೆ.ಜಿ. ಮಾತ್ರ. ನೆಲ್ಸನ್ನರ ಮೂರನೆಯ ನಿಯಮ ಇಲ್ಲಿ ತಕ್ಕಡಿಗೆ ಬಂದಂತಾಯಿತು. ಯೂರಿಯಾ ಚೀಲವನ್ನು 2018ರಲ್ಲಿ 50ರಿಂದ 45 ಕೆ.ಜಿ.ಗೆ ಇಳಿಸಿದರು. ಅದೂ ಈ ಲೆಕ್ಕದಲ್ಲಿ ಇಬ್ಬರು ಎತ್ತುವ ಚೀಲವೇ.

ಆದುದರಿಂದ ಹೀಗೆ ಮಾಡಿರಿ. ಚೀಲದ ಎರಡು ಬದಿಗೆ ಕಾಲಿಟ್ಟು ಅದಕ್ಕೆ ಹತ್ತಿರ ನಿಲ್ಲಿರಿ. ಬೆನ್ನು ಗೂನು ಮಾಡದೆ ಮೊಳಕಾಲು ಮತ್ತು ತೊಡೆಯ ಸಂದಿನಲ್ಲಿ ಮಡಿಯಿರಿ. ಚೀಲವನ್ನು ಮೈಗೆ ಅಪ್ಪಿ ಎದ್ದು ನಿಲ್ಲಿರಿ. ಪೂರ್ತಿ ಎದ್ದ ಮೇಲೆ ಪಾದ ಎತ್ತಿಟ್ಟು ಮೈಯೆಲ್ಲ ಒಟ್ಟಿಗೆ ಟ್ರೇಲರಿನ ಕಡೆಗೆ ತಿರುಗಿರಿ. ‘ಮೂಗು ಮತ್ತು ಕಾಲ್ಬೆರಳು ಒಂದೇ ಕಡೆ’ ಎಂದು ಹುಡುಗರಿಗೆ ಹೇಳಿಕೊಟ್ಟರೆ ಅವರು ಮರೆಯುವುದಿಲ್ಲ. ಮೊದಮೊದಲು ಕೆಲಸ ನಿಧಾನವೆನಿಸುವುದು, ನಿಜ.

ಔಷಧ ಹೊಡೆಯುವ ಬೆನ್ನಿನ ಪಂಪಿಗೂ ಈ ಮಾತು ಸಲ್ಲುತ್ತದೆ. 16 ಲೀಟರಿನ ಪಂಪು ತುಂಬಿದರೆ ಪಂಪಿನ ತೂಕ ಸೇರಿ 20 ಕೆ.ಜಿ.ಗೆ ಬರುತ್ತದೆ. ಅದನ್ನು ನೆಲದಿಂದ ಒಂದು ಪಟ್ಟಿ ಹಿಡಿದು ತಿರುವಿ ಬೆನ್ನಿಗೆ ಎಸೆದುಕೊಳ್ಳುವುದು ಕೆಟ್ಟ ಅಭ್ಯಾಸ. ಬದುವಿನ ಮೇಲೋ ಚಕ್ಕಡಿಯ ಮೇಲೋ ಇಟ್ಟು ತುಂಬಿ, ಅದಕ್ಕೆ ಬೆನ್ನು ಕೊಟ್ಟು ಎರಡೂ ಪಟ್ಟಿಗಳಿಗೆ ತೋಳು ಹಾಕಿ ಏಳಿರಿ.

ಸವಣೂರಿನ ಎಲೆ ತೋಟದವರಿಗೆ ಒಂದು ಮಾತು. ಎರಡನೆಯ ನಿಯಮ ಹಿಂದಕ್ಕೆ ಬಾಗಿದ ಬೆನ್ನಿಗೂ ಹೇಳಿದ್ದು. ಏಣಿಯ ಮೇಲೆ ನಿಂತು ಮೈ ಹಿಂದಕ್ಕೆ ಮಣಿಸಿ, ಪಕ್ಕದ ಬಳ್ಳಿಯ ಎಲೆಗೆ ಕೈಚಾಚುವುದಕ್ಕಿಂತ ಇಳಿದು ಏಣಿಯನ್ನೇ ಸರಿಸುವುದು ಲೇಸು. ಟ್ರ್ಯಾಕ್ಟರ್ ಓಡಿಸುವವರು ಹಿಂದಿನ ಕುಂಟೆಯ ಮೇಲೆ ಕಣ್ಣಿಟ್ಟು ಗಂಟೆಗಟ್ಟಲೆ ತಿರುಗಿ ಕೂಡುತ್ತಾರೆ. ಸೀಟಿನ ಕುಲುಕಾಟ ಅದಕ್ಕೆ ಕೂಡುತ್ತದೆ. ಒಂದು ಕನ್ನಡಿ ಕೂಡಿಸಿಕೊಂಡರೆ ಅರ್ಧ ಸಲ ತಿರುಗುವುದು ತಪ್ಪುವುದು.

ಕಳೆ, ಕಸ, ಸಗಣಿ

ಈ ಲೇಖನದಲ್ಲಿ ಗಂಡಸರ ಚೀಲದ ಮಾತೇ ಹೆಚ್ಚಾಯಿತು. ಆದರೆ ನಮ್ಮ ಹೊಲಗಳಲ್ಲಿ ಹೆಚ್ಚು ಹೊತ್ತು ಬಾಗುವವರು ಹೆಂಗಸರು. ಸಸಿ ಹಚ್ಚುವುದು, ಕಳೆ ತೆಗೆಯುವುದು, ಶೇಂಗಾ ಕೀಳುವುದು, ಹತ್ತಿ ಬಿಡಿಸುವುದು ಎಲ್ಲ ಅವರದೇ. ಹೊತ್ತುಗಟ್ಟಲೆ ಪೂರ್ತಿ ಬಾಗಿರುವಾಗ ಬೆನ್ನಿನ ಸ್ನಾಯುಗಳು ಕೆಲಸ ಬಿಟ್ಟು ಸುಮ್ಮನಾಗುತ್ತವೆ. ಮೈ ನೇತಾಡುವುದು ನಾರುಪಟ್ಟಿಗಳ ಮೇಲೆ. ಹೊಸ ಹಗ್ಗ ಭಾರಕ್ಕೆ ಜಗ್ಗುವಂತೆ ಅವು ಮೆಲ್ಲಗೆ ಜಗ್ಗುತ್ತವೆ. ಎದ್ದ ಕೂಡಲೇ ಅವು ಮೊದಲಿನಂತೆ ಆಗುವುದಿಲ್ಲ, ಹೊತ್ತು ಹಿಡಿಯುತ್ತದೆ. ಅರ್ಧ ತಾಸು ಬಾಗಿ ಕಳೆ ತೆಗೆದು, ಎದ್ದವಳೇ ಹುಲ್ಲಿನ ಹೊರೆಗೆ ಕೈ ಹಾಕಬಾರದು. ಸಾಲು ಮುಗಿದ ಮೇಲೆ ಎದ್ದು ಟೊಂಕಕ್ಕೆ ಕೈ ಕೊಟ್ಟು ತುಸು ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ನಡೆದಾಡಿ, ಆ ಮೇಲೆ ಭಾರ ಮುಟ್ಟಬೇಕು. ಸಾಲಿನ ಕೊನೆಗೆ ನಿಂತವಳನ್ನು ಮೈಗಳ್ಳಿ ಎನ್ನುವ ಯಜಮಾನರು ಈ ಮಾತನ್ನು ಎರಡು ಸಲ ಓದಿರಿ.

ಇನ್ನೊಂದು ಸಂಗತಿ ಅನೇಕರಿಗೆ ಹೊಸದು. ಹಗಲೆಲ್ಲ ಮೈಭಾರಕ್ಕೆ ಗಾದಿಯ ನೀರು ಹಿಂಡಿ ಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಮನುಷ್ಯ ಸಂಜೆಗಿಂತ ಬೆಳಿಗ್ಗೆ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರವಿರುತ್ತಾನೆ. ನೀರು ತುಂಬಿ ಬಿಗಿದ ಗಾದಿ ಬಾಗುವಿಕೆಯನ್ನು ಸುಲಭವಾಗಿ ತಾಳುವುದಿಲ್ಲ. ನಮ್ಮ ಮನೆಗಳಲ್ಲಿ ಎದ್ದ ಮೊದಲ ತಾಸಿನಲ್ಲಿಯೇ ಗಿಡ್ಡ ಕಸಬರಿಗೆಯಿಂದ ಅಂಗಳ ಗುಡಿಸುವುದು, ಸಗಣಿ ಬಳಿಯುವುದು, ಬುಟ್ಟಿ ಎತ್ತುವುದು ನಡೆಯುತ್ತದೆ. ದಿನದಲ್ಲಿ ಬೆನ್ನಿಗೆ ಅತಿ ಕಷ್ಟದ ಹೊತ್ತಿಗೇ ಅತಿ ಬಾಗುವ ಕೆಲಸ! ಬೆಳಗಿನ ಮೊದಲ ತಾಸುಗಳಲ್ಲಿ ಬಾಗುವುದನ್ನು ತಪ್ಪಿಸಿದವರಿಗೆ ನೋವು ಕಡಿಮೆಯಾಯಿತೆಂದು 1998ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಕಸಬರಿಗೆಗೆ ಒಂದು ಉದ್ದನೆಯ ಬಿದಿರಿನ ಕೋಲು ಕಟ್ಟಲು ಖರ್ಚೇನೂ ಇಲ್ಲ. ಮೊದಲು ಹಾಲು ಕರೆದು, ಚಹ ಕಾಸಿ, ಓಡಾಟದ ಕೆಲಸ ಮುಗಿಸಿ, ಆ ಮೇಲೆ ಸಗಣಿಗೆ ಹೋಗಬಹುದು.

ಹಿಡಿದುಕೊಂಡಾಗ ಏನು ಮಾಡಬೇಕು

ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು, ಬೆನ್ನು ತುಳಿಸುವುದು, ಬರೆ ಹಾಕಿಸುವುದು ಕೆಲವೆಡೆ ಇನ್ನೂ ಉಂಟು. ನಾಲ್ಕು ದಿನಕ್ಕೆ ನೋವು ಹೋದರೆ ಒದ್ದವರಿಗೆ ಕೀರ್ತಿ. ವಾಸ್ತವದಲ್ಲಿ ಹೊಸದಾಗಿ ಹಿಡಿದ ಟೊಂಕ ನೋವು ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಆಸ್ಟಿಯೋಪಥಿಯ ವೈದ್ಯರು ಕೂಡ ಒದೆಯುವುದಿಲ್ಲ. ಬೆರಳಿನಿಂದ ಮಣಿಯ ಎರಡು ಬದಿಗಳನ್ನು ಮುಟ್ಟಿ, ರೋಗಿಯನ್ನು ಮುಂದಕ್ಕೂ ಹಿಂದಕ್ಕೂ ಬಾಗಿಸಿ ಯಾವ ಮಣಿ ಯಾವ ಕಡೆಗೆ ಸರಿಯಲಾರದೆಂದು ಗೊತ್ತುಮಾಡಿ, ಹಲವು ವೇಳೆ ರೋಗಿಯ ಸ್ವಂತ ಸ್ನಾಯುವಿನ ಮೆಲ್ಲನೆಯ ಒತ್ತುವಿಕೆಯಿಂದಲೇ ಸಡಿಲಿಸುತ್ತಾರೆ. ಇಂಥ ಕೈಚಿಕಿತ್ಸೆಯಿಂದ ಟೊಂಕ ನೋವಿಗೆ ತಕ್ಕಮಟ್ಟಿನ ಗುಣವುಂಟು, ವ್ಯಾಯಾಮದಿಂದಲೂ ಸುಮಾರು ಅಷ್ಟೇ ಗುಣ ಸಿಗುತ್ತದೆ ಎಂಬುದು ಇಂದಿನ ತಿಳಿವಳಿಕೆ. ನಮಗೆ ಹತ್ತಿರವಾದವರು ಫಿಜಿಯೋಥೆರಪಿಯವರು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯಬೇಡಿರಿ. ಬಿಸಿನೀರಿನ ಕಾವು ಕೊಡಿರಿ, ತಾಳುವಷ್ಟು ನಡೆದಾಡಿರಿ. ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ.

ಆದರೆ ಕೆಲವು ಚಿಹ್ನೆಗಳಿಗೆ ಕಾಯಬಾರದು. ತೊಡೆಗಳ ಸಂದಿನಲ್ಲಿ, ಕುಳಿತುಕೊಳ್ಳುವ ಜಾಗದಲ್ಲಿ ಜೋಮು ಹಿಡಿದು ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಮೇಲೆ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಕುಂದಿ ಪಾದ ಜೋಲಿದರೆ, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಹೋದ ಶಕ್ತಿ ಮರಳದೆ ಇರಬಹುದು. ಗಿಡದಿಂದ, ಮಾಳಿಗೆಯಿಂದ ಬಿದ್ದು ಬೆನ್ನು ನೊಂದವರನ್ನು ಎಬ್ಬಿಸಿ ಕೂಡಿಸಬೇಡಿರಿ. ಹಲಗೆಯ ಮೇಲೆ ಅಂಗಾತ ಮಲಗಿಸಿ ಒಯ್ಯಿರಿ. ಸಂಜೆ ಜ್ವರ ಬರುವುದು, ಮೈ ಸೊರಗುವುದು, ರಾತ್ರಿ ನಿದ್ದೆಗೆಡಿಸುವ ಬೆನ್ನು ನೋವು, ಇವು ಕೂಡಿದ್ದರೆ ಅದು ಬೆನ್ನೆಲುಬಿನ ಕ್ಷಯವಿರಬಹುದು. ಅದನ್ನು ಉಳುಕೆಂದು ತಿಕ್ಕುತ್ತ ಕೂತರೆ ಮಣಿ ಕುಸಿದು ಗೂನಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಔಷಧಿ ಪುಕ್ಕಟೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ತಾಲೂಕು ಆಸ್ಪತ್ರೆಗಳಿವೆ. ಮೊದಲು ನಿಮ್ಮೂರ ಆಶಾ ಕಾರ್ಯಕರ್ತೆಗೆ ತಿಳಿಸಿದರೂ ಆದೀತು.

ಕಡೆಗೆ ಸಲಕರಣೆಯ ವಿಷಯ. ನಿಂತು ತಳ್ಳುವ ಸೈಕಲ್ ಕುಂಟೆ, ಗದ್ದೆಯ ಕಳೆ ತೆಗೆಯುವ ಕೈಯಂತ್ರ, ಉದ್ದ ಹಿಡಿಕೆಯ ಕುರ್ಚಿಗಿ ಇವೆಲ್ಲ ಈಗ ಸಿಗುತ್ತವೆ. ರೈತ ಸಂಪರ್ಕ ಕೇಂದ್ರದಲ್ಲಿ, ಇಲ್ಲವೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿರಿ. ಕೊಳ್ಳುವಾಗ ಅದನ್ನು ಬಳಸುವವಳನ್ನೇ ಕರೆದುಕೊಂಡು ಹೋಗಿರಿ. ಗಂಡಸಿನ ಎತ್ತರಕ್ಕೆ ತಂದ ಹಿಡಿಕೆ ಹೆಂಗಸಿಗೆ ಹೊಂದುವುದಿಲ್ಲ. ಅವಳು ನೆಟ್ಟಗೆ ನಿಂತು ಮೊಳಕೈ ತುಸು ಮಡಿಸಿದಾಗ ಹಿಡಿಕೆ ಅಂಗೈಗೆ ಬರಬೇಕು.